ಗ್ರಾಫಿಕ್ಸ್ ಕಾರ್ಡು ನಿಜವಾಗಿಯೂ ಕೆಟ್ಟಿತೆ?

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಬಳಿಯ ಆನಗೋಡಿನಂತಹ ಊರಿನಲ್ಲಿ ಲ್ಯಾಪ್‌ಟಾಪು ಕೆಡುವುದೆಂದರೆ ಅಲ್ಪಸಂಗತಿಯಲ್ಲ. ದಾವಣಗೆರೆಯ ಕಾಲೇಜಿಗೆ ಹೋಗುವ ಮಗನಿಗಾಗಿ ಮೆಕ್ಕೆಜೋಳ ಮಾರಿದ ಹಣದಲ್ಲಿ ಕೊಂಡ ಯಂತ್ರವದು. ಓದಿಗೆಂದು ಬಂದ ಯಂತ್ರದಲ್ಲಿ ಹುಡುಗರು ಆಟವನ್ನೂ ಆಡುವರು; ಆಡಕೂಡದೆಂದು ನಾವು ಹೇಳಹೊರಟಿಲ್ಲ. ಆದರೆ ಆಟದ ನಡುವೆ ಚಿತ್ರವು ತಡವರಿಸಿತೆಂದರೆ, “ಗ್ರಾಫಿಕ್ಸ್ ಕಾರ್ಡು ಸುಟ್ಟಿತು” ಎಂಬ ತೀರ್ಪು ಕೂಡಲೆ ಹೊರಡುವುದು. ಈ ತೀರ್ಪು ಬಲು ದುಬಾರಿಯಾದುದು. ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಅದು ಕಳಚಿ ತೆಗೆಯಬಹುದಾದ ಕಾರ್ಡೇ ಅಲ್ಲ. ಮದರ್‌ಬೋರ್ಡಿಗೆ ಬೆಸೆದ ಚಿಪ್ಪು. ಅದು ಕೆಟ್ಟರೆ ಬೋರ್ಡನ್ನೇ ಬದಲಿಸಬೇಕಾಗಿ ಬರುವುದುಂಟು.

ಆದುದರಿಂದ ಮೊದಲು ವಿಚಾರಿಸಬೇಕಾದುದು, ತೊಂದರೆ ಯಾವಾಗ ತೋರುತ್ತದೆ ಎಂಬುದನ್ನು. ಆಟ ಮೊದಲಿನಿಂದಲೇ ಮಂದವಾಗಿದ್ದರೆ ಕಾರಣವೊಂದು. ಕಾಲು ಗಂಟೆ ಚೆನ್ನಾಗಿ ನಡೆದು ಬಳಿಕ ಕುಂಟಿದರೆ ಕಾರಣ ಬೇರೊಂದು.

ಆಟದ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಚಿತ್ರ ಬಿಡಿಸುವವರು ಇಬ್ಬರು. ಒಬ್ಬನು ಪ್ರೊಸೆಸರಿನೊಳಗೇ ಇರುವ ಮಿತವ್ಯಯಿ. ಮತ್ತೊಬ್ಬನು ಬೇರೆಯಾಗಿ ಕುಳಿತ ಬಲಶಾಲಿ. ವಿದ್ಯುತ್ತನ್ನು ಉಳಿಸುವುದಕ್ಕಾಗಿ ಕೆಲಸವನ್ನು ತಾನಾಗಿಯೇ ಇವರಿಬ್ಬರಿಗೆ ಹಂಚುವ ಏರ್ಪಾಡನ್ನು ಎನ್ವಿಡಿಯಾ ಕಂಪನಿಯು 2010ರಲ್ಲಿ ಆಪ್ಟಿಮಸ್ ಎಂಬ ಹೆಸರಿನಿಂದ ಹೊರತಂದಿತು. ಹಂಚಿಕೆ ತಪ್ಪಿ ಭಾರವಾದ ಆಟವು ಮಿತವ್ಯಯಿಯ ಪಾಲಿಗೆ ಬಂದರೆ ಅವನು ಏದುಸಿರು ಬಿಡದೆ ಏನು ಮಾಡಿಯಾನು? ಆಟ ನಡೆಯುತ್ತಿರುವಾಗಲೇ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಬೇಕು. ದೊಡ್ಡ ಚಿಪ್ಪಿನ ಅಂಕವು ಸೊನ್ನೆಯ ಬಳಿಯೇ ನಿಂತಿದ್ದರೆ ಗುಟ್ಟು ರಟ್ಟಾದಂತೆ. ವಿಂಡೋಸ್ 11ರ ಸೆಟ್ಟಿಂಗ್ಸಿನಲ್ಲಿ ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬಲ್ಲಿಗೆ ಹೋಗಿ ಆ ಆಟಕ್ಕೆ ‘ಹೈ ಪರ್ಫಾರ್ಮೆನ್ಸ್’ ಎಂದು ಗೊತ್ತುಮಾಡಿದರೆ ಸಾಕು, ಕಾಸಿನ ಖರ್ಚಿಲ್ಲ. ಚಾರ್ಜರು ಸಿಕ್ಕಿಸಿದೆಯೆ ಎಂಬುದನ್ನೂ ನೋಡತಕ್ಕದ್ದು. ಬ್ಯಾಟರಿಯ ಮೇಲೆ ನಡೆಯುವಾಗ ದೊಡ್ಡ ಚಿಪ್ಪಿಗೆ ಪೂರ್ಣ ಶಕ್ತಿ ದೊರೆಯದು.

ನಡುವೆ ಕುಂಟುವ ಆಟಕ್ಕೆ ಮಾತ್ರ ಸಾಧಾರಣವಾಗಿ ಕಾವೇ ಕಾರಣ. ನಮ್ಮ ಸೀಮೆಯ ಏಪ್ರಿಲ್ ತಿಂಗಳ ಸೆಕೆಯನ್ನು ವಾಚಕರಿಗೆ ವರ್ಣಿಸಬೇಕಾಗಿಲ್ಲ. ಅದರ ಮೇಲೆ ಹುಡುಗರು ಯಂತ್ರವನ್ನು ಹಾಸಿಗೆಯ ಮೇಲಿಟ್ಟು ಆಡುವರು. ಗಾಳಿ ಎಳೆದುಕೊಳ್ಳುವ ತಳದ ಕಂಡಿಗಳನ್ನು ಹೊದಿಕೆ ಮುಚ್ಚುವುದು, ಒಳಗೆ ಫ್ಯಾನಿನ ಎಲೆಗಳಿಗೆ ಧೂಳು ಅಂಟುವುದು. ಕಾವು ಮಿತಿಗೆ ಮುಟ್ಟಿದೊಡನೆ ಚಿಪ್ಪು ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಇದು ರೋಗವಲ್ಲ, ಜಾಣತನ. ಗಟ್ಟಿಯಾದ ಮೇಜಿನ ಮೇಲೆ, ಹಿಂಭಾಗವನ್ನು ಕೊಂಚ ಎತ್ತರಿಸಿ ಇಟ್ಟು ನೋಡಿರಿ. ಧೂಳು ತೆಗೆಸುವಾಗ ಫ್ಯಾನನ್ನು ತಿರುಗಗೊಡದೆ ಹಿಡಿದು ಗಾಳಿ ಊದಬೇಕು.

ಹೊಸ ಡ್ರೈವರು ಹಾಕಿದ ಮರುದಿನವೇ ತೊಂದರೆ ಮೊದಲಾದರೆ ಹಳೆಯದಕ್ಕೆ ಮರಳುವುದೇ ಲೇಸು. ಪರದೆ ಹಠಾತ್ತನೆ ಕಪ್ಪಾದಾಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಲಿಗಳನ್ನು ಒಮ್ಮೆಗೆ ಒತ್ತಿದರೆ ಚಿತ್ರದ ಡ್ರೈವರು ಮರಳಿ ಎಚ್ಚರಗೊಳ್ಳುವುದುಂಟು.

ಚಿಪ್ಪು ನಿಜವಾಗಿಯೂ ಕೆಡುವುದೇ ಇಲ್ಲವೆಂದಲ್ಲ. 2008ರ ಜುಲೈಯಲ್ಲಿ ಎನ್ವಿಡಿಯಾ ಕಂಪನಿಯೇ, ತನ್ನ ಕೆಲವು ಲ್ಯಾಪ್‌ಟಾಪು ಚಿಪ್ಪುಗಳು ಕವಚದ ವಸ್ತು ದುರ್ಬಲವಾದುದರಿಂದ ಕೆಡುತ್ತಿವೆಯೆಂದು ಒಪ್ಪಿ, ಅದಕ್ಕಾಗಿ 15ರಿಂದ 20 ಕೋಟಿ ಡಾಲರುಗಳನ್ನು ತೆಗೆದಿರಿಸಿತು. ಕಾದು ಆರಿ, ಕಾದು ಆರಿ ಒಳಗಿನ ಬೆಸುಗೆ ಬಿರುಕು ಬಿಟ್ಟಿತ್ತು. ಆಗ ಕೆಲವರು ಬೋರ್ಡನ್ನು ಒಲೆಯಲ್ಲಿಟ್ಟು ಕಾಯಿಸಿ ಜೀವ ತರಿಸಿದರು. ಆ ಜೀವ ಬಹುಕಾಲ ನಿಲ್ಲುವಂಥದಲ್ಲ, ಅಡಿಗೆಮನೆಯಲ್ಲಿ ಮಾಡತಕ್ಕ ಪ್ರಯೋಗವೂ ಅಲ್ಲ.

ಯಂತ್ರವನ್ನು ಹಚ್ಚಿದೊಡನೆ, ವಿಂಡೋಸ್ ಏಳುವ ಮೊದಲೇ, ಕಂಪನಿಯ ಗುರುತಿನ ಮೇಲೆಯೇ ಗೆರೆಗಳೂ ಚುಕ್ಕೆಗಳೂ ಮೂಡಿದರೆ ಅದು ಡ್ರೈವರಿನ ತಪ್ಪಲ್ಲ. ಆಗ ಎಚ್‌ಡಿಎಂಐ ತಂತಿಯಿಂದ ಮನೆಯ ಟೀವಿಗೆ ಜೋಡಿಸಿ ನೋಡಿರಿ. ಟೀವಿಯಲ್ಲಿ ಚಿತ್ರ ಶುದ್ಧವಾಗಿದ್ದರೆ ಸಂಶಯವು ಪರದೆಯ ಮೇಲೆ, ಇಲ್ಲವೆ ಅದರ ತಂತಿಯ ಮೇಲೆ ಹೋಗಬೇಕು. ಎರಡರಲ್ಲಿಯೂ ಗೆರೆಗಳಿದ್ದರೆ ಮಗನ ಪಾಠಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡು, ವಾರಂಟಿಯ ಕಾಗದವನ್ನು ಹುಡುಕಿಟ್ಟುಕೊಂಡು, ದಾವಣಗೆರೆಯ ಬಸ್ಸು ಹತ್ತಬಹುದು.