ಕೀರ್ತಿಯ ಆಚೆಗೆ: ಸಂಗೀತಗಾರ ರ್ಯೂಯಿಚಿ ಸಕಾಮೊಟೊ

ಚಿಕ್ಕ ಪ್ರಾಯದಲ್ಲಿಯೇ ಕೀರ್ತಿ ದೊರಕಿದವನು ಆ ಬಳಿಕ ಏನು ಮಾಡುವನೆಂಬದರಿಂದಲೇ ಅವನ ನಿಜವಾದ ಯೋಗ್ಯತೆಯು ತಿಳಿದುಬರುವದು. ಈ ಮಾತಿಗೆ ಜಪಾನ್ ದೇಶದ ಸಂಗೀತಗಾರರಾದ ರ್ಯೂಯಿಚಿ ಸಕಾಮೊಟೊ ಎಂಬವರ ಜೀವಿತವು ಒಳ್ಳೇ ದೃಷ್ಟಾಂತವಾಗಿದೆ.

ಇವರು 1952ನೆಯ ಇಸವಿ ಜನವರಿ 17ರಂದು ಟೋಕಿಯೋ ನಗರದಲ್ಲಿ ಹುಟ್ಟಿದರು. ಇವರು ಕಲಿತ ಶಿಶುವಿಹಾರದಲ್ಲಿ ಮಕ್ಕಳು ಸರದಿಯ ಮೇರೆಗೆ ಮೊಲವನ್ನು ಸಾಕಿ, ಆಮೇಲೆ ಅದರ ವಿಷಯವಾಗಿ ಹಾಡು ಕಟ್ಟಬೇಕಾಗಿತ್ತು. ಇವರ ಮೊದಲನೆಯ ರಚನೆಯು ಆ ಮೊಲದ ಹಾಡೇ. ಮುಂದೆ ಟೋಕಿಯೋದ ಕಲಾವಿಶ್ವವಿದ್ಯಾಲಯದಲ್ಲಿ ಸಂಗೀತರಚನೆಯನ್ನು ಕ್ರಮವಾಗಿ ಅಭ್ಯಾಸಮಾಡಿದರು.

1978ರಲ್ಲಿ ಹರುಒಮಿ ಹೊಸೊನೊ, ಯುಕಿಹಿರೊ ತಕಹಾಶಿ ಎಂಬಿಬ್ಬರೊಡನೆ ಕೂಡಿ ‘ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ’ ಎಂಬ ಮೇಳವನ್ನು ಕಟ್ಟಿದರು. ಸಿಂಥಸೈಸರೇ ಈ ಮೇಳದ ಮುಖ್ಯ ವಾದ್ಯ. ವೀಣೆಯಲ್ಲಿ ತಂತಿಯೂ ಕೊಳಲಿನಲ್ಲಿ ಗಾಳಿಯೂ ಕಂಪಿಸಿ ನಾದವನ್ನು ಹುಟ್ಟಿಸುವವು. ಸಿಂಥಸೈಸರಿನಲ್ಲಾದರೋ ವಿದ್ಯುತ್ತೇ ಕಂಪಿಸಿ, ಧ್ವನಿವರ್ಧಕದ ಮೂಲಕ ನಾದವಾಗಿ ಹೊರಡುವದು. ಕಂಪನದ ವೇಗವನ್ನು ಬದಲಿಸಿದರೆ ಸ್ವರವು ಏರಿಳಿಯುವದು. ಅದರ ಆಕಾರವನ್ನು ಬದಲಿಸಿದರೆ ನಾದದ ಗುಣವು ಬೇರೆಯಾಗುವದು. ಈ ನೂತನ ಸಂಗೀತದಿಂದ ಮೇಳದ ಹೆಸರು ಯೂರೋಪು ಅಮೇರಿಕಗಳ ವರೆಗೂ ಹಬ್ಬಿತು.

ಆದರೂ 1983ರಲ್ಲಿ ಮೂವರೂ ಮೇಳವನ್ನು ವಿಸರ್ಜಿಸಿದರು. ಅದೇ ವರ್ಷ ಬಂದ ‘ಮೆರಿ ಕ್ರಿಸ್ಮಸ್ ಮಿಸ್ಟರ್ ಲಾರೆನ್ಸ್’ ಎಂಬ ಚಲಚ್ಚಿತ್ರವು ಜಾವಾ ದ್ವೀಪದ ಯುದ್ಧಕೈದಿಗಳ ಕಥೆ. ಅದರಲ್ಲಿ ಸಕಾಮೊಟೊರವರು ಶಿಬಿರದ ಅಧಿಕಾರಿಯ ಪಾತ್ರವನ್ನು ಧರಿಸಿದ್ದಲ್ಲದೆ ಸಂಗೀತವನ್ನೂ ರಚಿಸಿದರು. ‘ದಿ ಲಾಸ್ಟ್ ಎಂಪರರ್’ ಚಿತ್ರದ ಸಂಗೀತಕ್ಕಾಗಿ 1988ರಲ್ಲಿ ಡೇವಿಡ್ ಬರ್ನ್, ಕಾಂಗ್ ಸು ಎಂಬವರೊಡನೆ ಆಸ್ಕರ್ ಪಾರಿತೋಷಕವನ್ನು ಹೊಂದಿದರು. ಇದಲ್ಲದೆ ಅನ್ಯ ಗಾಯಕರ ಧ್ವನಿಮುದ್ರಣಗಳನ್ನು ನಿರ್ಮಿಸಿಕೊಡುವ ಕೆಲಸವನ್ನೂ ನಡಿಸಿದರು.

ಆದರೆ ಶಾಲೆಯ ಹಿತವನ್ನು ಬಯಸುವ ನಾವು ಮುಖ್ಯವಾಗಿ ನೆನಸತಕ್ಕದ್ದು ಬೇರೊಂದುಂಟು. 2011ನೆಯ ಮಾರ್ಚ್ 11ರಂದು ಜಪಾನಿನ ಈಶಾನ್ಯ ಭಾಗದಲ್ಲಿ ಭೂಕಂಪವಾಗಿ, ಸಮುದ್ರವು ಉಕ್ಕಿ ಊರುಗಳನ್ನೇ ಕೊಚ್ಚಿಕೊಂಡು ಹೋಯಿತು. ಮಿಯಾಗಿ ಪ್ರಾಂತದ ಒಂದು ಕೃಷಿ ಪ್ರೌಢಶಾಲೆಯ ಪಿಯಾನೋ ಉಪ್ಪುನೀರಿನಲ್ಲಿ ಮುಳುಗಿತ್ತು. ಪಿಯಾನೋದಲ್ಲಿ ಸುಮಾರು 230 ತಂತಿಗಳಿದ್ದು, ಅವುಗಳ ಬಿಗಿತವೆಲ್ಲ ಕೂಡಿದರೆ ಸುಮಾರು 20 ಟನ್ ಭಾರಕ್ಕೆ ಸಮವಾಗುವದು. ನೀರಿನಲ್ಲಿ ನೆನೆದ ಮರವು ಉಬ್ಬಿ, ತಂತಿಗಳು ಸಡಿಲಿ, ಸ್ವರಗಳು ಕೆಟ್ಟುಹೋಗಿದ್ದವು. ಸಕಾಮೊಟೊರವರು ಅದನ್ನು ನುಡಿಸಿ ನೋಡಿದರು. ಮನುಷ್ಯನು ಬಲಾತ್ಕಾರದಿಂದ ಬಿಗಿದದ್ದನ್ನು ಪ್ರಕೃತಿಯು ತನ್ನ ಶ್ರುತಿಗೆ ತಿರುಗಿ ತಂದಿದೆಯೆಂದು ಕ್ರಮೇಣ ಅವರಿಗೆ ತೋಚಿತು. 2017ರ ‘ಅಸಿಂಕ್’ ಎಂಬ ಸಂಗ್ರಹದಲ್ಲಿ ಆ ದನಿಗೂ ಸ್ಥಾನ ಕೊಟ್ಟರು.

ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಅಪಾಯಕ್ಕೊಳಗಾದ ಪ್ರಾಂತಗಳ ಶಾಲೆಗಳಲ್ಲಿ ಕೆಟ್ಟುಹೋದ ವಾದ್ಯಗಳನ್ನು ದುರಸ್ತಿಮಾಡಿಸುವದಕ್ಕೆ ನಿಧಿಯನ್ನು ಏರ್ಪಡಿಸುವದರಲ್ಲಿ ಮುಂದಾದರು. ಅಲ್ಲಿಯ ಬಾಲಕಬಾಲಕಿಯರನ್ನು ಕೂಡಿಸಿ ‘ತೊಹೊಕು ಯೂತ್ ಆರ್ಕೆಸ್ಟ್ರಾ’ ಎಂಬ ವಾದ್ಯವೃಂದವನ್ನು ನಡಿಸಿದರು. ಮನೆಮಠಗಳಿಲ್ಲದವರಿಗೆ ಮೊದಲು ಅನ್ನವಸ್ತ್ರಗಳು ಬೇಕೆಂಬದು ಸತ್ಯ. ಆದರೂ ಭಯದಿಂದ ಮೂಕವಾದ ಮಗುವು ತಿರುಗಿ ಹಾಡುವದೂ ಒಂದು ಪುನರುಜ್ಜೀವನವಲ್ಲವೇ?

2014ರಿಂದ ಅವರನ್ನು ಕ್ಯಾನ್ಸರ್ ರೋಗವು ಬಾಧಿಸಿತು. ನಡುನಡುವೆ ವಿಶ್ರಾಂತಿ ಹೊಂದಿದರೂ ಕೆಲಸವನ್ನು ಬಿಡಲಿಲ್ಲ. ರೋಗಶಯ್ಯೆಯ ಕಾಲದಲ್ಲಿ ದಿನಚರಿಯಂತೆ ರಚಿಸಿದ ಹನ್ನೆರಡು ಕೃತಿಗಳು 2023ರ ಜನವರಿಯಲ್ಲಿ ಪ್ರಕಟವಾದವು. ಅವುಗಳಿಗೆ ಆಯಾ ದಿನದ ತಾರೀಖೇ ಹೆಸರು. ಅದೇ ಮಾರ್ಚ್ 28ರಂದು ತಮ್ಮ 71ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮಾತಾಪಿತೃಗಳೇ, ಸಂಗೀತದ ತರಗತಿಯು ಪರೀಕ್ಷೆಗೆ ಉಪಯೋಗವಿಲ್ಲವೆಂದು ಹೆಣ್ಣುಮಕ್ಕಳನ್ನು ಅದರಿಂದ ಬಿಡಿಸುವ ಮುಂಚೆ ಈ ಚರಿತ್ರೆಯನ್ನು ಸ್ವಲ್ಪ ಆಲೋಚಿಸಿರಿ. ಪೂರ್ವವಿದ್ಯಾರ್ಥಿನಿಯರೇ, ಶಾಲೆಗೆ ಏನು ಕಾಣಿಕೆ ಕೊಡೋಣವೆಂದು ಕೇಳುವಿರಾದರೆ, ಮೂಲೆಯಲ್ಲಿ ಸ್ವರ ಕೆಟ್ಟಿರುವ ಹಾರ್ಮೋನಿಯಮ್ಮನ್ನು ದುರಸ್ತಿಮಾಡಿಸುವದೂ ದೇವರು ಮೆಚ್ಚುವ ಸೇವೆಯೇ ಸರಿ.