ಸಿಗರೇಟಿನ ಪೊಟ್ಟಣದಲ್ಲಿ ರಂಗದೇವತೆಯರು

ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದುಬಂದ 1902ರ ಆಸುಪಾಸಿನ ಕಾಲವು, ಸಿಗರೇಟೆಂಬ ವಸ್ತುವು ಕಡಲು ದಾಟಿ ಬಂದು ನಮ್ಮ ದಂಡುಪ್ರದೇಶಗಳಲ್ಲಿಯೂ ಬಿಳಿಯರ ವಸತಿಗಳಲ್ಲಿಯೂ ನೆಲೆಯೂರುತ್ತಿದ್ದ ಕಾಲವೂ ಹೌದು. ಇಂಡಿಯಾದಲ್ಲಿ ಮಾರಾಟವಾಗುತ್ತಿದ್ದ ವಿಲ್ಸ್ ಕಂಪೆನಿಯ ‘ಸಿಸರ್ಸ್’ ಸಿಗರೇಟಿನ ಪೊಟ್ಟಣವು ಬಾಗದಿರಲೆಂದು ಒಳಗಿಡುತ್ತಿದ್ದ ಗಟ್ಟಿ ಕಾಗದದ ಚೀಟಿಗಳ ಮೇಲೆ ನಟಿಯರ ಭಾವಚಿತ್ರಗಳು ಅಚ್ಚಾಗುತ್ತಿದ್ದವು.

ಇಂಥ ಚೀಟಿಗಳಲ್ಲಿ ಗ್ರೀಕ್ ವೇಷದ ಒಂದನ್ನು ಹತ್ತಿರ ಹಿಡಿದು ನೋಡಿದರೆ, ಸುಮಾರು ಎರಡೂವರೆ ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲದ ಆ ಕಿರಿದಾದ ಅವಕಾಶದಲ್ಲಿ, ನೆರಿಗೆನೆರಿಗೆಯಾಗಿ ಇಳಿಬಿದ್ದ ಶ್ವೇತವಸ್ತ್ರವನ್ನುಟ್ಟು, ಕೇಶಪಾಶವನ್ನು ಪಟ್ಟಿಯಿಂದ ಬಿಗಿದು, ಭಗ್ನಸ್ತಂಭವೊಂದಕ್ಕೆ ಮೊಣಕೈಯೂರಿ ನಿಂತ ತರುಣಿಯು ಶಿಲಾಪ್ರತಿಮೆಯೇ ಜೀವತಳೆದಂತೆ ತೋರುತ್ತಾಳೆ. ಸ್ತಂಭವು ಸ್ಟುಡಿಯೋದವರ ಗಾರೆಯ ಕೆಲಸ, ಹಿಂದಣ ಉಪವನವು ಬಣ್ಣದ ಪರದೆ. ನಿಲುವಿನ ಗಾಂಭೀರ್ಯ ಮಾತ್ರ ನಟಿಯದೇ. ಶಿಲ್ಪಿ ಪಿಗ್ಮೇಲಿಯನ್ ಕಡೆದ ಪ್ರತಿಮೆಯು ಸಚೇತನವಾಗುವ ಪುರಾಣಕಥೆಯನ್ನು ಇಂಗ್ಲಿಷ್ ನಾಟಕಕಾರ ಗಿಲ್ಬರ್ಟ್ 1871ರಲ್ಲಿ ನಾಟಕವಾಗಿಸಿದ್ದರು. ಜೀವತಳೆಯುವ ಆ ಪ್ರತಿಮೆ ಗ್ಯಾಲಟೀಯಳಾಗಿ ಅಮೆರಿಕದ ನಟಿ ಮೇರಿ ಆಂಡರ್ಸನ್ ಲಂಡನ್ನಿನಲ್ಲಿ ಕೀರ್ತಿ ಪಡೆದಿದ್ದರು. ರಂಗದ ಮೇಲಿನ ಈ ಅಮೃತಶಿಲೆಯ ಸೊಬಗನ್ನೇ ಛಾಯಾಗ್ರಾಹಕರೂ ಬಯಸಿದರು.

ನಾಟಕದ ಹೆಂಗಸೆಂದರೆ ಹುಬ್ಬುಗಂಟಿಕ್ಕುತ್ತಿದ್ದ ಸಮಾಜದಲ್ಲಿ, ದೇವತೆ ಡಯಾನಾಳ ವೇಷವು ಆಕೆಗೆ ಗೌರವದ ಪೀಠವನ್ನೂ, ವರ್ತಕನಿಗೆ ಅನಾವೃತ ಭುಜಗಳನ್ನು ತೋರಿಸಲು ಸಭ್ಯವಾದ ನೆಪವನ್ನೂ ಒದಗಿಸಿತು. ತಂಬಾಕಿನ ವ್ಯಾಪಾರದಿಂದಲೇ ಶ್ರೀಮಂತರಾದ ವಾಷಿಂಗ್ಟನ್ ಡ್ಯೂಕ್ ಅವರೇ 1894ರಲ್ಲಿ, ಸಿಗರೇಟಿನೊಡನೆ ಹಂಚುತ್ತಿದ್ದ ಶೃಂಗಾರಚಿತ್ರಗಳು ಯುವಜನರ ಶೀಲವನ್ನು ಕೆಡಿಸುವುವೆಂದು ಮಗ ಜೇಮ್ಸ್‌ಗೆ ಪತ್ರ ಬರೆದು ಆಕ್ಷೇಪಿಸಿದರು. ಆಕ್ಷೇಪವು ನ್ಯಾಯವಾದದ್ದು, ಆದರೆ ಎಷ್ಟೋ ಕಲಾವಿದೆಯರ ಮುಖವು ಇಂದಿಗೂ ಉಳಿದಿರುವುದು ಈ ಚೀಟಿಗಳಲ್ಲಿಯೇ ಎಂಬುದನ್ನು ನಾವು ಮರೆಯಲಾಗದು.

ನಮ್ಮಲ್ಲಿ ಗ್ರೀಕ್ ದೇವತೆಯರ ಸ್ಥಾನವನ್ನು ರವಿವರ್ಮನ ಶಕುಂತಲೆ, ದಮಯಂತಿಯರು ತುಂಬಿದರು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪೆನಿಯೂ ಸೇರಿ ನಮ್ಮ ನಾಟಕಮಂಡಳಿಗಳಲ್ಲಿ ಬಹುಕಾಲ ಗಂಡಸರೇ ಸ್ತ್ರೀವೇಷ ಧರಿಸುತ್ತಿದ್ದುದರಿಂದ, ಕಲಾವಿದೆಯೊಬ್ಬರ ಚಿತ್ರವು ಮನೆಮನೆ ಸೇರುವುದು ಅಪೂರ್ವವಾಗಿತ್ತು. ಆ ಭಾಗ್ಯ ಗಾಯಕಿ ಗೌಹರ್ ಜಾನ್ ಅವರದಾಯಿತು. ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೂ ಅವರ ಚಿತ್ರವಿತ್ತು. 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಅವರು 1930ರ ಜನವರಿಯಲ್ಲಿ ಆ ಊರಿನಲ್ಲಿಯೇ ತೀರಿಕೊಂಡರು.

2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳ ಎಷ್ಟೋ ಮನೆಗಳು ಬರಿದಾಗಿವೆ. ಹಿರಿಯರ ಟ್ರಂಕುಗಳಲ್ಲಿ ಇಂಥ ಚೀಟಿಯಾಗಲಿ ಬೆಂಕಿಪೊಟ್ಟಣದ ಲೇಬಲ್ಲಾಗಲಿ ದೊರೆತರೆ, ದಯವಿಟ್ಟು ಗುಜರಿಗೆ ಹಾಕಬೇಡಿರಿ. ಅಂಟು ಹಚ್ಚಿ ಆಲ್ಬಮ್ಮಿಗೆ ಮೆತ್ತಲೂಬೇಡಿರಿ, ಏಕೆಂದರೆ ಕಂಪೆನಿಯ ಹೆಸರೂ ವಿವರವೂ ಹಲವು ಸಲ ಅಚ್ಚಾಗಿರುವುದು ಹಿಂಬದಿಯಲ್ಲಿ.