ಮೆಣಸಿನಕಾಯಿ ಕೈ ಉರಿ: ನೀರಿಗಿಂತ ಮೊದಲು ಎಣ್ಣೆ

ಕಳೆದ ವಾರ ರಾತ್ರಿ ಹತ್ತೂವರೆಗೆ ಒಂದು ಫೋನ್ ಬಂತು. ನಮ್ಮ ಬುಕ್ಕಾಂಬುಧಿ ಪಕ್ಕದ ಹಳ್ಳಿ ಹುಡುಗ, ಹೊಸದಾಗಿ ಸಾವಯವಕ್ಕೆ ಬಂದವನು. "ಅಣ್ಣಾ, ಬೆಳಗ್ಗೆ ಅಗ್ನಿಅಸ್ತ್ರಕ್ಕೆ ಅಂತ ಅರ್ಧ ಕೆಜಿ ಹಸಿಮೆಣಸಿನಕಾಯಿ ಕುಟ್ಟಿದ್ದೆ. ಆಗೇನೂ ಅಷ್ಟು ಗೊತ್ತಾಗಲಿಲ್ಲ. ಈಗ ಬಿಸಿನೀರು ಸ್ನಾನ ಮಾಡಿ ಬಂದೆ, ಎರಡೂ ಕೈ ಕೆಂಡದಲ್ಲಿ ಇಟ್ಟಂಗೆ ಆಗ್ತಿದೆ. ಬಕೆಟ್ ನೀರಲ್ಲಿ ಕೈ ಅದ್ದಿಕೊಂಡೇ ಕೂತಿದೀನಿ, ತೆಗೆದ್ರೆ ಮತ್ತೆ ಉರಿ." ಫೋನನ್ನ ಅವನ ಕಿವಿಗೆ ಹಿಡಿದಿದ್ದು ಅವನ ತಾಯಿ. ಅವನಿಗೆ ಏನನ್ನೂ ಮುಟ್ಟೋ ಧೈರ್ಯ ಇರಲಿಲ್ಲ.

ನಗೋ ವಿಷಯ ಅಲ್ಲ ಇದು. ನನಗೂ ಆಗಿದೆ. ತೋಟಗಾರಿಕೆ ಪದವಿಯಲ್ಲಿ ಮೆಣಸಿನಕಾಯಿಯ ಥ್ರಿಪ್ಸು, ಮುಟುರು ರೋಗ, ಕಾಯಿ ಕೊಳೆ ಎಲ್ಲಾ ಓದಿ ಬಂದವನು ನಾನು. ಊರಿಗೆ ಬಂದ ಮೊದಲನೇ ವರ್ಷ ಬೀಜಕ್ಕೆ ಅಂತ ಆರಿಸಿಟ್ಟ ಹಣ್ಣುಗಾಯಿಗಳನ್ನ ಬರಿಗೈಯಲ್ಲಿ ಸೀಳಿ, ಉಗುರಿನಿಂದ ಬೀಜ ಕೆರೆದು ತೆಗೆದೆ. ಮಧ್ಯೆ ಮಧ್ಯೆ ಮೊಬೈಲ್ ಕೂಡ ನೋಡಿದೆ. ಕೈ ಉರಿ ಸಂಜೆಗೆ ಶುರುವಾಯ್ತು. ಕೈಯನ್ನ ಸೋಪಲ್ಲಿ ತೊಳೆದು ಮುಗಿಸಿದ ಮೇಲೆ ಅದೇ ಮೊಬೈಲಲ್ಲಿ ಮಾತಾಡಿ, ಕೆನ್ನೆ ಕಿವಿಗೂ ಉರಿ ಹತ್ತಿಸಿಕೊಂಡೆ. ಪರದೆ ಮೇಲೆ ಖಾರ ಕೂತಿರುತ್ತೆ ಅಂತ ಹೊಳೆದೇ ಇರಲಿಲ್ಲ.

ಈ ಉರಿಗೆ ಕಾರಣ ಕ್ಯಾಪ್ಸೈಸಿನ್ ಅನ್ನೋ ವಸ್ತು. ಬೀಜದಲ್ಲಿ ಖಾರ ಅಂತ ಎಲ್ಲರೂ ಹೇಳ್ತಾರೆ, ಆದರೆ ಅದು ತಯಾರಾಗೋದು ಬೀಜ ಅಂಟಿಕೊಂಡಿರೋ ಬಿಳೀ ತಿರುಳಲ್ಲಿ. ಬೀಜಕ್ಕೆ ಮೆತ್ತಿಕೊಂಡಿರೋದು ಅಲ್ಲಿಂದ ಬಂದ ಖಾರ. ಹಾಗಾಗಿ ಗಿಡದಿಂದ ಇಡೀ ಕಾಯಿ ಕಿತ್ತರೆ ಅಷ್ಟು ತೊಂದರೆ ಇಲ್ಲ. ಸೀಳಿದಾಗ, ಕುಟ್ಟಿದಾಗ, ಬೀಜ ತೆಗೆದಾಗಲೇ ಪೆಟ್ಟು. ಕೊಯ್ಲಿನ ದಿನವೂ ಒಡೆದ ಕಾಯಿ, ಕೊಳೆತ ಕಾಯಿ ಆರಿಸೋರಿಗೆ ಸಂಜೆ ಹೊತ್ತಿಗೆ ಉಗುರು ಸಂದಿ ಉರಿಯೋದು ಇದೇ ಕಾರಣಕ್ಕೆ. ತಳಿಯೂ ಮುಖ್ಯ. ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಗುಂಟೂರು ಕಾಯಿ ಅದಕ್ಕಿಂತ ಜೋರು. ಮಲೆನಾಡಿನ ಪುಟಾಣಿ ಸೂಜಿಮೆಣಸು ಇನ್ನೂ ಜೋರು. ಯೂಟ್ಯೂಬ್ ನೋಡಿ ಈಶಾನ್ಯ ಭಾರತದ ಭೂತ್ ಜೊಲೊಕಿಯಾ ಬೀಜ ತರಿಸೋರು ಜ್ಞಾಪಕ ಇಟ್ಟುಕೊಳ್ಳಿ: ಅದರ ಖಾರ ಹತ್ತು ಲಕ್ಷ ಸ್ಕೋವಿಲ್ ದಾಟುತ್ತೆ, 2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತ್ತು. ಅದನ್ನ ಬರಿಗೈಯಲ್ಲಿ ಮುಟ್ಟಲೇಬೇಡಿ.

ಇನ್ನೊಂದು ವಿಚಾರ. ಚರ್ಮ ಕೆಂಪಾಗುತ್ತೆ, ಬಿಸಿ ಅನಿಸುತ್ತೆ, ಆದರೆ ಬೆಂಕಿ ತಾಗಿದ ಹಾಗೆ ಚರ್ಮ ಸುಟ್ಟಿರೋದಿಲ್ಲ. ನಮ್ಮ ನರಗಳ ತುದಿಯಲ್ಲಿ ಬಿಸಿಯನ್ನ ಗುರುತಿಸೋ ಒಂದು ಗ್ರಾಹಕ ಇದೆ, ಟಿಆರ್‌ಪಿವಿ1 ಅಂತ ಹೆಸರು. ಸುಮಾರು 43 ಡಿಗ್ರಿ ದಾಟಿದ ಬಿಸಿ ತಾಗಿದಾಗ ಅದು ಮಿದುಳಿಗೆ "ಸುಡ್ತಿದೆ" ಅಂತ ಸುದ್ದಿ ಕಳಿಸಬೇಕು. ಕ್ಯಾಪ್ಸೈಸಿನ್ ಹೋಗಿ ಅಲ್ಲಿ ಕೂತರೆ, ಬಿಸಿ ಇಲ್ಲದಿದ್ದರೂ ಅದೇ ಸುದ್ದಿ ಹೋಗುತ್ತೆ. 1997ರಲ್ಲಿ ಇದನ್ನ ಕಂಡುಹಿಡಿದ ತಂಡದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ಖಾರ ಕೂತ ಮೇಲೆ ಆ ಗ್ರಾಹಕ ಎಷ್ಟು ಸೂಕ್ಷ್ಮ ಆಗುತ್ತೆ ಅಂದ್ರೆ, ಮಾಮೂಲಿ ಬೆಚ್ಚನೆ ನೀರೂ ಕುದಿಯೋ ನೀರಿನ ಹಾಗೆ ಅನಿಸುತ್ತೆ. ಬೆಳಗ್ಗೆ ಸುಮ್ಮನಿದ್ದ ಕೈ ರಾತ್ರಿ ಸ್ನಾನದ ಹೊತ್ತಿಗೆ ಎದ್ದು ಕೂರೋದರ ಗುಟ್ಟು ಇದು. (ಹಕ್ಕಿಗಳಲ್ಲಿ ಈ ಗ್ರಾಹಕ ಖಾರಕ್ಕೆ ಸ್ಪಂದಿಸಲ್ಲ. ಗಿಳಿ ಆರಾಮಾಗಿ ಮೆಣಸಿನಹಣ್ಣು ತಿಂದು ಹೋಗೋದು ಅದಕ್ಕೇ. ಹಸುವಿಗೆ ಆ ಅದೃಷ್ಟ ಇಲ್ಲ. ಮೆಣಸಿನಕಾಯಿ ಕುಟ್ಟಿದ ಕೈಯಲ್ಲಿ ಹಾಲು ಕರೆಯೋಕೆ ಕೂರಬೇಡಿ, ಒದ್ದರೆ ತಪ್ಪು ಅದರದ್ದಲ್ಲ.)

ಈಗ ಮದ್ದಿಗೆ ಬರೋಣ. ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ, ಎಣ್ಣೆಯಲ್ಲಿ ಕರಗುತ್ತೆ. ಹಲಸಿನ ಹಣ್ಣು ಬಿಡಿಸಿದ ಮೇಲೆ ಕೈ ಮೇಣವನ್ನ ಬರೀ ನೀರಲ್ಲಿ ತೊಳೀತೀರಾ? ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಒರೆಸ್ತೀರಿ ತಾನೇ? ಇಲ್ಲೂ ಅದೇ ಲೆಕ್ಕ. ಅಡುಗೆಮನೆಯಲ್ಲಿ ಇರೋ ಯಾವ ಎಣ್ಣೆಯಾದರೂ ಸರಿ, ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ. ಧಾರಾಳವಾಗಿ ಸುರಿದುಕೊಂಡು ಬೆರಳ ಸಂದಿ, ಉಗುರ ಬುಡದಲ್ಲಿ ಎರಡು ಮೂರು ನಿಮಿಷ ಉಜ್ಜಿ. ಆಮೇಲೆ ಹಳೇ ಬಟ್ಟೆಯಲ್ಲಿ ಒರೆಸಿ ತೆಗೀರಿ. ಒರೆಸೋದು ಬಹಳ ಮುಖ್ಯ. ಎಣ್ಣೆ ಖಾರವನ್ನ ಎತ್ತಿಕೊಂಡಿರುತ್ತೆ, ಅದನ್ನ ಕೈ ಮೇಲೇ ಬಿಟ್ಟರೆ ಮೊಣಕೈವರೆಗೂ ಹರಡುತ್ತೆ. ಒರೆಸಿದ ಬಟ್ಟೆಯನ್ನ ಮುಖ ಒರೆಸೋ ಟವೆಲ್ ಜೊತೆ ಹಾಕಬೇಡಿ. ಆಮೇಲೆ ಪಾತ್ರೆ ತೊಳೆಯೋ ಸೋಪು ಹಾಕಿ ತಣ್ಣೀರಲ್ಲಿ ತೊಳೀರಿ, ಮೈಸೋಪಿಗಿಂತ ಅದು ಜಿಡ್ಡು ಚೆನ್ನಾಗಿ ಎತ್ತುತ್ತೆ. ಅಂಟುವಾಳದ ಕಾಯಿ ನೊರೆಯೂ ಆಗುತ್ತೆ. ಬಿಸಿನೀರು ಬೇಡವೇ ಬೇಡ. ಉರಿ ಉಳಿದರೆ ಇನ್ನೊಂದು ಸಲ ಇದನ್ನೇ ಮಾಡಿ.

ಹಾಗಾದ್ರೆ ಬಕೆಟ್ ನೀರಲ್ಲಿ ಕೈ ಇಟ್ಟಾಗ ಹಾಯ್ ಅನಿಸೋದು ಸುಳ್ಳಾ? ಸುಳ್ಳಲ್ಲ. 1987ರಲ್ಲಿ ಅಮೆರಿಕದ ವೈದ್ಯರು ಇದನ್ನೇ ಪರೀಕ್ಷೆ ಮಾಡಿದ್ರು: ಮೆಣಸಿನಕಾಯಿ ಉರಿ ಹತ್ತಿದ ಕೈಗಳನ್ನ ತಣ್ಣೀರಲ್ಲಿ ಇಡೋದು ಮೇಲೋ, ಅಡುಗೆ ಎಣ್ಣೆಯಲ್ಲಿ ಇಡೋದು ಮೇಲೋ ಅಂತ. ಮೊದಲಿಗೆ ನೀರೇ ಗೆದ್ದಿತು. ಕೈ ಹೊರಗೆ ತೆಗೆದ ಮೇಲೆ ಹೆಚ್ಚು ಹೊತ್ತು ಆರಾಮ ಕೊಟ್ಟಿದ್ದು ಎಣ್ಣೆ. ಅಂದ್ರೆ ತಣ್ಣೀರು ನರವನ್ನ ಸಮಾಧಾನ ಮಾಡುತ್ತೆ, ಖಾರವನ್ನ ತೆಗೆಯಲ್ಲ. ಮೊದಲು ಎಣ್ಣೆ ಸೋಪಿಂದ ಖಾರ ತೆಗೆದು, ಆಮೇಲೆ ತಣ್ಣೀರಲ್ಲಿ ಬೇಕಾದಷ್ಟು ಹೊತ್ತು ಇಡಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಒತ್ತಿ, ನೇರವಾಗಿ ಬೇಡ.

ನಮ್ಮ ಅಜ್ಜಿ ಕೈಗೆ ಮೊಸರು ಹಚ್ಚಿ ಕೂರಿಸೋರು. ಅದರಲ್ಲಿ ಅರ್ಥ ಇದೆ: ಹಾಲು ಮೊಸರಿನ ಕೊಬ್ಬು ಮತ್ತು ಕೇಸಿನ್ ಅನ್ನೋ ಪ್ರೋಟೀನು ಖಾರವನ್ನ ಹಿಡಿದುಕೊಳ್ಳುತ್ತೆ, ಜೊತೆಗೆ ತಂಪು. ಬಾಯಿ ಖಾರಕ್ಕಂತೂ ನೀರಿಗಿಂತ ಕೆನೆ ಮಜ್ಜಿಗೆಯೇ ಸರಿ. ಲೋಳೆಸರ ತಂಪು ಕೊಡುತ್ತೆ, ಖಾರ ತೆಗೆಯಲ್ಲ, ಆದ್ದರಿಂದ ತೊಳೆದ ಮೇಲೆ ಹಚ್ಚಿ. ನಿಂಬೆ, ಹುಣಸೆ ಹುಳಿ, ವಿನಿಗರ್ ಕೆಲವರಿಗೆ ಕೆಲಸ ಮಾಡಿದೆ ಅಂತಾರೆ. ಬಿರುಕು ಬಿಟ್ಟ ರೈತರ ಕೈಗೆ ಹುಳಿ ಹಾಕೋದು ನನಗೆ ಸರಿ ಕಾಣಲ್ಲ. ಒಲೆ ಬೂದಿ ತಿಕ್ಕಬೇಡಿ, ಚರ್ಮ ಗೀರಿದರೆ ಖಾರ ಇನ್ನೂ ಒಳಗೆ ಇಳಿಯುತ್ತೆ. ಸುಣ್ಣ, ಟೂತ್‌ಪೇಸ್ಟ್, ಇಂಟರ್ನೆಟ್‌ನಲ್ಲಿ ಬರೋ ಬ್ಲೀಚಿಂಗ್ ನೀರಿನ ಸಲಹೆ, ಇವೆಲ್ಲ ಒಂದು ಉರಿ ಜೊತೆ ಇನ್ನೊಂದು ಸೇರಿಸೋ ಕೆಲಸ. ಏನೇ ಹಚ್ಚಿದರೂ ಪೂರ್ತಿ ಇಳಿಯೋಕೆ ಕೆಲವು ಗಂಟೆ ಬೇಕೇ ಬೇಕು. ಕೆಲವೊಮ್ಮೆ ಮಾರನೇ ದಿನವೂ ಸ್ವಲ್ಪ ಚುರುಗುಟ್ಟುತ್ತೆ.

ಕಣ್ಣಿನ ಲೆಕ್ಕವೇ ಬೇರೆ. ಕಣ್ಣಿಗೆ ಎಣ್ಣೆ ಬೇಡ, ಹಾಲು ಬೇಡ, ಎದೆಹಾಲೂ ಬೇಡ. ಮೊದಲು ಕೈಯನ್ನ ಸೋಪಲ್ಲಿ ತೊಳೀರಿ, ಇಲ್ಲದಿದ್ದರೆ ತೊಳೆಯೋ ಕೈಯೇ ಮತ್ತೆ ಖಾರ ಹಾಕುತ್ತೆ. ಪಕ್ಕದಲ್ಲಿ ಬೇರೆಯವರಿದ್ದರೆ ಅವರಿಂದ ನೀರು ಹಾಕಿಸಿಕೊಳ್ಳೋದು ಇನ್ನೂ ಒಳ್ಳೇದು. ಕಣ್ಣು ಮಿಟುಕಿಸ್ತಾ ಕುಡಿಯೋ ನೀರನ್ನ ಹದಿನೈದು ನಿಮಿಷ ಬಿಡ್ತಾ ಇರಿ. ಉಜ್ಜಬೇಡಿ. ಲೆನ್ಸ್ ಹಾಕಿದ್ದರೆ ತೆಗೆದು ಬಿಸಾಕಿ. ಆಮೇಲೂ ನೋವು, ಮಂಜು ಇದ್ದರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಮನೆಯಲ್ಲಿ ಹಸುಗೂಸು ಇರೋ ತಾಯಂದಿರು ಕಾಯಿ ಬಿಡಿಸೋಕೆ ಬಂದರೆ ಅವರನ್ನ ಸೀಳೋ, ಬೀಜ ತೆಗೆಯೋ ಕೆಲಸಕ್ಕೆ ಕೂರಿಸಬೇಡಿ. ಮಗು ಎತ್ತೋ ಮುಂಚೆ ಎಣ್ಣೆ, ಸೋಪು ಎರಡೂ ಆಗಲಿ, ಸೀರೆಯೂ ಬದಲಾಗಲಿ.

ಒಂದು ಎಚ್ಚರಿಕೆ, ಇದನ್ನ ದಯವಿಟ್ಟು ಬಿಡಬೇಡಿ. ಮೇಲೆ ಹೇಳಿದ "ಮೊದಲು ಎಣ್ಣೆ" ಸಾವಯವ ಕಾಯಿಗೆ, ಮನೆ ಕಾಯಿಗೆ ಮಾತ್ರ. ಮೆಣಸಿನ ಗಿಡಕ್ಕೆ ಹೊಡೆಯೋ ಔಷಧಿಗಳಲ್ಲಿ ಪೈರಿಥ್ರಾಯ್ಡ್ ಗುಂಪಿನವು ಚರ್ಮಕ್ಕೆ ತಾಗಿದರೆ ಇದೇ ಥರ ಚುರುಚುರು ಉರಿ ಕೊಡ್ತವೆ, ಮುಖದಲ್ಲಿ ಜಾಸ್ತಿ. ಇತ್ತೀಚೆಗೆ ಔಷಧಿ ಹೊಡೆದ ಹೊಲದಲ್ಲಿ ಕೆಲಸ ಮಾಡಿ ಉರಿ ಬಂದಿದ್ದರೆ ಮೊದಲು ಸೋಪು, ಧಾರಾಳ ನೀರು, ಬಟ್ಟೆ ಬದಲಾವಣೆ. ಎಣ್ಣೆ ವಿಷವನ್ನ ಒಳಗೆ ಎಳೆಯಬಹುದು. ಉರಿ ಜೊತೆ ವಾಂತಿ, ತಲೆಸುತ್ತು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು ಬಂದರೆ ಅದು ಖಾರದ ಕೆಲಸ ಅಲ್ಲ. ಔಷಧಿ ಡಬ್ಬಿಯ ಲೇಬಲ್ ಫೋಟೋ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ. ಬರೀ ಖಾರವೇ ಆದರೂ ಗುಳ್ಳೆ ಎದ್ದರೆ, ಉಸಿರು ಕಟ್ಟಿದರೆ ಮನೆಮದ್ದು ನಿಲ್ಲಿಸಿ ಹೋಗಿ.

ಕೈಗವಸು ಕೊಳ್ಳುವಾಗ ನೈಟ್ರೈಲ್ ಅಂತ ಕೇಳಿ ತಗೊಳ್ಳಿ. ತೆಳು ಪ್ಲಾಸ್ಟಿಕ್ ಕವರು ಐದು ನಿಮಿಷಕ್ಕೆ ಹರಿಯುತ್ತೆ. ಬಟ್ಟೆ ಗ್ಲೌಸ್ ಖಾರ ಹೀರಿಕೊಂಡು ದಿನವಿಡೀ ಚರ್ಮಕ್ಕೆ ಒತ್ತುತ್ತೆ, ಅದು ಇಲ್ಲದಿದ್ದರೇ ವಾಸಿ.

ಫೋನ್ ಮಾಡಿದ ಹುಡುಗನಿಗೆ ಅರ್ಧ ಲೋಟ ಕೊಬ್ಬರಿ ಎಣ್ಣೆ, ಪಾತ್ರೆ ಸೋಪು, ಆಮೇಲೆ ತಣ್ಣೀರು ಹೇಳಿದೆ. ಹನ್ನೆರಡು ಗಂಟೆಗೆ "ಮಲಗ್ತೀನಿ ಅಣ್ಣಾ" ಅಂತ ಮೆಸೇಜ್ ಬಂತು. ಕುಟ್ಟಿದ್ದು ಆಗಿತ್ತು, ಕುದಿಸೋದು ಬಾಕಿ ಇತ್ತು. ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ ನಾನೇ ಫೋನ್ ಮಾಡಿದೆ: ಒಲೆಯನ್ನ ಹಟ್ಟಿಯೊಳಗೆ ಹೂಡಬೇಡ, ಬಯಲಲ್ಲಿ ಹೂಡು, ಗಾಳಿ ನಿನ್ನ ಬೆನ್ನಿಂದ ಬರೋ ಹಾಗೆ ನಿಲ್ಲು, ಪಾತ್ರೆಗೆ ಮುಚ್ಚಳ ಇರಲಿ, ಉಬ್ಬಸ ಇರೋ ನಿಮ್ಮ ತಂದೆಯನ್ನ ಆ ಕಡೆ ಬಿಡಬೇಡ ಅಂತ.